ಆಯವೋ, ಇನಾಮೋ?

ಬೋನಸ್ಸೆಂಬ ಮಾತು ನಮ್ಮ ದೇಶದಲ್ಲಿ ಮೊದಲು ಬಲವಾಗಿ ಕೇಳಿಬಂದದ್ದು ಬಟ್ಟೆ ಗಿರಣಿಗಳ ಬಾಗಿಲಲ್ಲಿ. ಕಾಲಕ್ರಮದಲ್ಲಿ ಅದು ಕಾರ್ಖಾನೆಗಳಿಗೂ ಕಚೇರಿಗಳಿಗೂ ಹರಡಿತು. ಕೊಡುವವರಿಗೂ ಪಡೆಯುವವರಿಗೂ ತಕರಾರು ಹುಟ್ಟಿದಾಗಲೆಲ್ಲ ಎರಡು ಪಕ್ಷಗಳಿಗಾಗಿಯೂ ನಿಂತು ವಾದಿಸಿದವರು ವಕೀಲರು. ಈಗ ಆ ಮಾತು ವಕೀಲರ ಮನೆಯನ್ನೇ ಹೊಕ್ಕಿದೆ. ಕಾನೂನು ಪದವಿ ಪಡೆದು ಹೊರಬರುವ ತರುಣ ತರುಣಿಯರು ಬೆಂಗಳೂರಿನ ಒಂದು ವಕೀಲ ಸಂಸ್ಥೆಯನ್ನು ಇನ್ನೊಂದರೊಡನೆ ಹೋಲಿಸುವಾಗ, "ತಿಂಗಳಿಗೆ ಎಷ್ಟು?" ಎಂದು ಕೇಳಿದ ಬೆನ್ನಿಗೇ "ವರ್ಷದ ಬೋನಸ್ ಎಷ್ಟು?" ಎಂದು ಕೇಳುತ್ತಾರೆ. ಇದನ್ನು ಕೇಳಿ ಮುಖ ಸಿಂಡರಿಸುವ ಹಿರಿಯರುಂಟು. ಕರಿಕೋಟು ತೊಡುವವನು ಗಿರಣಿಯ ಕೂಲಿಯಂತೆ ಬೋನಸ್ ಎಣಿಸಬಹುದೆ ಎಂಬುದು ಅವರ ಆಕ್ಷೇಪ. ನನಗೆ ಹಾಗೆ ತೋರುವುದಿಲ್ಲ. ಪ್ರಶ್ನೆ ಸಾಧುವಾದುದೇ, ಉತ್ತರವನ್ನು ತೂಗುವ ತಕ್ಕಡಿಯೊಂದು ನೆಟ್ಟಗಿರಬೇಕು. ಆ ತಕ್ಕಡಿಯ ವಿಚಾರವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಸೀಮೆಯಲ್ಲಿ ಕಾನೂನು ಓದುವವರ ಸಂಖ್ಯೆ ಕಡಮೆಯದಲ್ಲ. ಹಾಸನದಲ್ಲಿ ಎಂ. ಕೃಷ್ಣ ಕಾನೂನು ಕಾಲೇಜಿದೆ. ಹೊಳೆನರಸೀಪುರದಲ್ಲಿ ಸರ್ಕಾರಿ ಕಾನೂನು ಕಾಲೇಜಿದೆ. ಹಿಂದೆ ಇಲ್ಲಿ ಓದಿದವನ ದಾರಿ ಬಹುಮಟ್ಟಿಗೆ ಗೊತ್ತಾದದ್ದೇ ಆಗಿತ್ತು. ತಾಲ್ಲೂಕಿನ ಅಥವಾ ಜಿಲ್ಲೆಯ ನ್ಯಾಯಾಲಯದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರುವುದು, ಅವರ ಕಡತಗಳನ್ನು ಹೊರುವುದು, ಮುದ್ದತು ಕೇಳುವುದು, ಕಂಡು ಕೇಳಿ ಕಲಿಯುವುದು. ಈಚೆಗೆ ದಾರಿ ಎರಡಾಗಿದೆ. 2017ರಲ್ಲಿ ಶ್ರವಣಬೆಳಗೊಳದ ಮಾರ್ಗವಾಗಿ ಹಾಸನಕ್ಕೂ ಬೆಂಗಳೂರಿಗೂ ನೇರ ರೈಲು ಓಡತೊಡಗಿದ ಮೇಲೆ ರಾಜಧಾನಿ ಇನ್ನಷ್ಟು ಹತ್ತಿರವಾಯಿತು. ಅಲ್ಲಿನ ವಕೀಲ ಸಂಸ್ಥೆಗಳು ಕಂಪನಿಗಳ ಕರಾರು, ಸಾಲಪತ್ರ, ಭೂಮಿಯ ದಾಖಲೆಗಳ ಪರಿಶೀಲನೆ ಇವುಗಳಿಗಾಗಿ ಕಿರಿಯ ವಕೀಲರನ್ನು ಸೇರಿಸಿಕೊಳ್ಳುತ್ತವೆ. ನಮ್ಮ ಕಡೆಯ ಮಕ್ಕಳೂ ಅಲ್ಲಿಗೆ ಹೋಗುತ್ತಿದ್ದಾರೆ. ಹೋಗುವ ಮುನ್ನ ಕೆಲವರು ನನ್ನಂಥವರನ್ನು ಒಂದು ಮಾತು ಕೇಳುತ್ತಾರೆ.

ಅವರಿಗೆ ನಾನು ಹೇಳುವುದನ್ನು ಈ ಸೀಮೆಯ ಹಳ್ಳಿಗಳ ಎರಡು ಹಳೆಯ ಮಾತುಗಳಿಂದ ಸುಲಭವಾಗಿ ತಿಳಿಸಬಹುದು. ಒಂದು ಆಯ, ಇನ್ನೊಂದು ಇನಾಮು. ಕಮ್ಮಾರ, ಬಡಗಿ, ಅಗಸ, ನೀರುಗಂಟಿ ಮೊದಲಾದ ಆಯಗಾರರು ವರ್ಷವೆಲ್ಲ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯವನ್ನು ಅಳೆಸಿಕೊಂಡು ಹೋಗುತ್ತಿದ್ದರು. ಆ ಪದ್ಧತಿಯಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು. ಅದನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಅಂಶವನ್ನು ಗಮನಿಸಬೇಕು. ಆಯವೆಂಬುದು ವರ್ಷಕ್ಕೊಮ್ಮೆ ಸಲ್ಲುತ್ತಿದ್ದರೂ ಅದು ಕೇಳಿ ಪಡೆಯುವ ಹಕ್ಕು. ಕೊಡದಿದ್ದರೆ ಊರಿನ ಹಿರಿಯರ ಮುಂದೆ ನ್ಯಾಯ ಹೇಳಿಕೊಳ್ಳಬಹುದಾಗಿತ್ತು. ಇನಾಮು ಹಾಗಲ್ಲ. ಅದು ಧಣಿ ಸಂತೋಷಪಟ್ಟಾಗ ಕೊಡುವಂಥದು. ಕೊಟ್ಟರೆ ಕೈಮುಗಿಯಬೇಕು, ಕೊಡದಿದ್ದರೆ ಸುಮ್ಮನಿರಬೇಕು. ವಕೀಲ ಸಂಸ್ಥೆಯ ಬೋನಸ್ಸಿನಲ್ಲಿರುವ ತೊಡಕು ಇಷ್ಟೇ: ಅದು ಆಯದ ಉಡುಪು ತೊಟ್ಟು ಬರುತ್ತದೆ, ಆದರೆ ಹೆಚ್ಚು ಕಡೆಗಳಲ್ಲಿ ಇನಾಮಿನಂತೆ ನಡೆದುಕೊಳ್ಳುತ್ತದೆ.

ಇದು ಹೀಗೇಕಾಯಿತೆಂದು ತಿಳಿಯಲು ಬೋನಸ್ಸಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಬೆಲೆಗಳು ಏರಿದಾಗ ಮುಂಬಯಿಯ ಗಿರಣಿ ಮಾಲೀಕರು ಕೂಲಿಯ ಮೇಲೆ ಶೇಕಡಾ 10ರಷ್ಟು ಯುದ್ಧದ ಬೋನಸ್ ಕೊಟ್ಟರು. ಮರುವರ್ಷ ಅದು ಶೇಕಡಾ 15 ಆಯಿತು. ಕೊಟ್ಟದ್ದು ದಯೆಯಿಂದ. ಕೆಲವು ವರ್ಷ ನಡೆದುಬಂದ ಮೇಲೆ 1923ರ ಬೋನಸ್ ನಿಂತಿತು. 1924ರ ಮೊದಲಲ್ಲಿ ದೊಡ್ಡ ಮುಷ್ಕರವಾಯಿತು. ಸರ್ಕಾರ ನೇಮಿಸಿದ ಸಮಿತಿಗೆ ಮುಂಬಯಿಯ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ನಾರ್ಮನ್ ಮೆಕ್ಲಾಡ್ ಅಧ್ಯಕ್ಷರು. ಬೋನಸ್ಸಿನ ಮೇಲೆ ಕೆಲಸಗಾರರಿಗೆ ರೂಢಿಯಿಂದಾಗಲಿ ಕಾನೂನಿನಿಂದಾಗಲಿ ಯಾವ ಹಕ್ಕೂ ಇಲ್ಲವೆಂದು ಆ ಸಮಿತಿ ಹೇಳಿಬಿಟ್ಟಿತು. ಇನಾಮು ಇನಾಮಾಗಿಯೇ ಉಳಿಯಿತು.

ಆಮೇಲಿನ ನಾಲ್ಕು ದಶಕಗಳಲ್ಲಿ ಮೆಲ್ಲಮೆಲ್ಲಗೆ ಇನಾಮು ಆಯವಾಯಿತು. 1950ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಲಿ ಲಾಭದಲ್ಲಿ ಏನೇನು ಕಳೆದು ಉಳಿದದ್ದನ್ನು ಹೇಗೆ ಹಂಚಬೇಕೆಂಬುದಕ್ಕೆ ಒಂದು ಸೂತ್ರವನ್ನು ಕೊಟ್ಟಿತು. 1961ರಲ್ಲಿ ಎಂ. ಆರ್. ಮೆಹರ್ ಅವರ ಅಧ್ಯಕ್ಷತೆಯಲ್ಲಿ ಬೋನಸ್ ಆಯೋಗ ನೇಮಕವಾಯಿತು. 1965ರಲ್ಲಿ ಬೋನಸ್ ಸಂದಾಯದ ಕಾಯಿದೆ ಬಂದಿತು. ಮೊದಲು ಶೇಕಡಾ 4 ಇದ್ದ ಕನಿಷ್ಠ ಬೋನಸ್ 1972ರಲ್ಲಿ ಶೇಕಡಾ 8.33ಕ್ಕೆ ಏರಿತು, ಎಂದರೆ ಹನ್ನೆರಡು ತಿಂಗಳು ದುಡಿದವನಿಗೆ ಹದಿಮೂರನೆಯ ತಿಂಗಳ ಸಂಬಳ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರಲ್ಲಿ, ಅದನ್ನು ಮತ್ತೆ 4ಕ್ಕೆ ಇಳಿಸಿದರು. 1977ರಲ್ಲಿ ತಿರುಗಿ ಏರಿಸಿದರು. ಗರಿಷ್ಠ ಶೇಕಡಾ 20. ಆ ಕಾಯಿದೆಯ ತಿರುಳು ಈಗ 2019ರ ವೇತನ ಸಂಹಿತೆಯೊಳಗೆ ಸೇರಿದೆ; ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಕಾರ್ಖಾನೆಯ ಕೆಲಸಗಾರನು ಇಂದು ಬೋನಸ್ ಕೇಳುವಾಗ ಯಾರ ದಯೆಯನ್ನೂ ಬೇಡುತ್ತಿಲ್ಲ. ಕಾನೂನಿನ ಪುಟವನ್ನು ತೋರಿಸುತ್ತಾನೆ.

ಈ ಹೋರಾಟವನ್ನು ನ್ಯಾಯಾಲಯಗಳಲ್ಲಿ ನಡೆಸಿಕೊಟ್ಟ ವಕೀಲರ ಸ್ವಂತ ಕಚೇರಿಗಳಲ್ಲಿ ಏನಾಯಿತು? ಇದೊಂದು ಸ್ವಾರಸ್ಯವಾದ ಕತೆ. ಮುಂಬಯಿಯ ಸಾಲಿಸಿಟರುಗಳ ಸಂಸ್ಥೆಯೊಂದರ ನೌಕರರು ಬೋನಸ್ ಕೇಳಿದರು. ಔದ್ಯೋಗಿಕ ನ್ಯಾಯಮಂಡಲಿಯಲ್ಲಿ ಅವರ ಬೇಡಿಕೆಯನ್ನು ತಳ್ಳಿಹಾಕಿದವರು ಮುಂದೆ ಬೋನಸ್ ಆಯೋಗದ ಅಧ್ಯಕ್ಷರಾದ ಆ ಮೆಹರ್ ಅವರೇ. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಸಾಲಿಸಿಟರನ ಕೆಲಸ ಅವನ ಸ್ವಂತ ವಿದ್ಯೆ ಬುದ್ಧಿಗಳಿಂದ ನಡೆಯುವಂಥದು. ಗುಮಾಸ್ತೆಯ ಶ್ರಮ ಅದರಲ್ಲಿ ನೇರವಾಗಿ ಪಾಲುಗೊಳ್ಳುವುದಿಲ್ಲ. ಆದ್ದರಿಂದ ವಕೀಲರ ಕಚೇರಿ ಉದ್ಯಮವಲ್ಲ ಎಂಬುದು ತೀರ್ಪಿನ ಸಾರ. 1978ರಲ್ಲಿ ನಮ್ಮ ಬೆಂಗಳೂರು ಜಲಮಂಡಲಿಯ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಮುಖ್ಯ ತೀರ್ಪು ಬರೆದಾಗ ಆ ಹಳೆಯ ನಿರ್ಣಯ ಬಿದ್ದುಹೋಯಿತು. ಆದರೂ ಒಬ್ಬಿಬ್ಬರು ಸಹಾಯಕರನ್ನಿಟ್ಟುಕೊಂಡ ಸಣ್ಣ ವಕೀಲನ ಕಚೇರಿಯನ್ನು ಅವರೂ ಉದ್ಯಮದಿಂದ ಹೊರಗೇ ಇಟ್ಟರು. 1984ರಲ್ಲಿ ಕೇರಳದ ಒಬ್ಬ ವಕೀಲ ಗುಮಾಸ್ತೆಯ ಮೊಕದ್ದಮೆಯಲ್ಲಿ, ವಕೀಲರ ಕಚೇರಿಯು ಅಲ್ಲಿನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ಒಳಪಡುವುದಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು.

ಇದೆಲ್ಲ ಗುಮಾಸ್ತೆಯ ಮಾತಾಯಿತು. ಕಿರಿಯ ವಕೀಲನ ಸ್ಥಿತಿ ಇನ್ನೂ ವಿಚಿತ್ರ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ವೃತ್ತಿಯಲ್ಲಿರುವ ವಕೀಲನು ಯಾರ ಬಳಿಯೂ ಪೂರ್ಣಾವಧಿಯ ಸಂಬಳದ ನೌಕರನಾಗಿರಕೂಡದು. ವೃತ್ತಿಯ ಸ್ವಾತಂತ್ರ್ಯವನ್ನು ಕಾಪಾಡಲೆಂದು ಮಾಡಿದ ನಿಯಮ ಇದು, ಉದ್ದೇಶ ಒಳ್ಳೆಯದೇ. ಆದರೆ ಇದರ ಫಲವಾಗಿ ದೊಡ್ಡ ಸಂಸ್ಥೆಗಳು ತಮ್ಮ ಕಿರಿಯರನ್ನು ನೌಕರರೆಂದು ಕರೆಯುವುದಿಲ್ಲ. ತಿಂಗಳು ತಿಂಗಳಿಗೆ ಕೊಡುವ ಹಣ ಸಂಬಳವಲ್ಲ, ರಿಟೇನರ್ ಶುಲ್ಕ. ಬೆಳಗಿನಿಂದ ರಾತ್ರಿಯವರೆಗೆ ಒಂದೇ ಮೇಜಿನ ಮುಂದೆ ಕುಳಿತು ಒಬ್ಬರ ಅಪ್ಪಣೆಯಂತೆ ದುಡಿಯುವವನು ಕಾಗದದ ಮೇಲೆ ಮಾತ್ರ ಸ್ವತಂತ್ರ ವೃತ್ತಿಗಾರ. ನೌಕರನಲ್ಲವಾದ್ದರಿಂದ ನೌಕರನಿಗೆ ಸಲ್ಲುವ ಭವಿಷ್ಯನಿಧಿ, ಉಪದಾನ, ಕಾಯಿದೆಯ ಬೋನಸ್ ಇವುಗಳ ಬಾಗಿಲನ್ನು ಅವನು ತಟ್ಟುವುದು ಸುಲಭವಲ್ಲ. ಅವನಿಗೆ ಬರುವ ಬೋನಸ್ ಕಾಯಿದೆಯದಲ್ಲ, ಮಾತಿನದು. 1924ರಲ್ಲಿ ಗಿರಣಿಯ ಕೂಲಿಗೆ ಮೆಕ್ಲಾಡ್ ಸಮಿತಿ ಹೇಳಿದ ಮಾತು ಇಂದು ನಿಜವಾಗಿ ಅನ್ವಯಿಸುವುದು ಅವನ ಪರವಾಗಿ ವಾದಿಸುವ ವಕೀಲನಿಗೆ!

ಪರದೇಶದ ರೀತಿಯನ್ನೂ ಒಮ್ಮೆ ನೋಡಬಹುದು. ನ್ಯೂಯಾರ್ಕಿನ ಹಳೆಯ ಸಂಸ್ಥೆಯಾದ ಕ್ರವಾತ್, ಸ್ವೇನ್ ಅಂಡ್ ಮೂರ್ 2023ರ ಕೊನೆಯಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಬೋನಸ್ಸು ಹೊಸಬರಿಗೆ 15,000 ಡಾಲರಿನಿಂದ ಮೊದಲಾಗಿ ಹಿರಿಯ ಸಹಾಯಕರಿಗೆ 1,15,000 ಡಾಲರಿನವರೆಗೆ ಇತ್ತು. ಆ ಮೊತ್ತಗಳನ್ನು ಕಂಡು ನಾವು ಬೆರಗಾಗಬೇಕಾದ್ದಿಲ್ಲ. ಅಲ್ಲಿನ ಬಾಡಿಗೆಯೂ ದುಡಿಮೆಯೂ ಬೇರೆ. ಗಮನಿಸತಕ್ಕದ್ದು ಇನ್ನೊಂದಿದೆ. ಪದವಿ ಪಡೆದ ವರ್ಷದ ಪ್ರಕಾರ ಯಾರಿಗೆಷ್ಟೆಂಬುದು ಬಹಿರಂಗವಾದ ಪಟ್ಟಿ. ಅದನ್ನು ನೋಡಿ ಉಳಿದ ಸಂಸ್ಥೆಗಳೂ ತಮ್ಮ ಪಟ್ಟಿಯನ್ನು ಸರಿಹೊಂದಿಸಿಕೊಳ್ಳುತ್ತವೆ. ಅಲ್ಲಿಯೂ ಅದು ಕಾನೂನಿನ ಹಕ್ಕಲ್ಲ. ಆದರೆ ಬಯಲಿನಲ್ಲಿ ಅಳೆದ ಧಾನ್ಯದಂತೆ ಹತ್ತು ಜನರ ಕಣ್ಣೆದುರು ನಡೆಯುವುದರಿಂದ ಇನಾಮು ಆಯದ ಸಮೀಪಕ್ಕೆ ಬಂದಿದೆ. ನಮ್ಮಲ್ಲಿ ಬಹುಪಾಲು ಸಂಸ್ಥೆಗಳಲ್ಲಿ ಲಕೋಟೆ ಮುಚ್ಚಿರುತ್ತದೆ. ಪಕ್ಕದ ಮೇಜಿನವನಿಗೆ ಎಷ್ಟು ಬಂದಿತೆಂದು ಕೇಳುವುದೂ ಅನುಚಿತವೆನಿಸುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಅರಕಲಗೂಡು ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ ತನಗೆ ಬಂದ ಎರಡು ಕರೆಗಳನ್ನು ನನಗೆ ತೋರಿಸಿದಳು. ಸಂಸ್ಥೆಗಳ ಹೆಸರು ಇಲ್ಲಿ ಬೇಡ. ಮೊದಲನೆಯದು ತಿಂಗಳಿಗೆ 60,000 ರೂಪಾಯಿ, ಮೇಲೆ ಎರಡು ತಿಂಗಳ ಮೊತ್ತದ ಬೋನಸ್. ಎರಡನೆಯದು ತಿಂಗಳಿಗೆ 68,000, ಬೋನಸ್ ಇಲ್ಲ. ಮೊದಲನೆಯದರಲ್ಲಿ ವರ್ಷಕ್ಕೆ 7,20,000 ಮತ್ತು 1,20,000, ಒಟ್ಟು 8,40,000. ಎರಡನೆಯದರಲ್ಲಿ 8,16,000. "ಸಾರ್, ಮೊದಲನೆಯದೇ 24,000 ಜಾಸ್ತಿ ಅಲ್ಲವೆ?" ಎಂದಳು. ಕಾಗದದ ಮೇಲೆ ಹೌದು. ಆದರೆ ಬೋನಸ್ ಪೂರ್ತಿಯಾಗಿ ಬಂದರೆ ಮಾತ್ರ. ಎರಡೂ ಸರಿಸಮವಾಗಬೇಕಾದರೇ 96,000 ಬರಬೇಕು. ಎಂದರೆ ಹೇಳಿದ್ದರಲ್ಲಿ ಐದು ಪಾಲಿಗೆ ನಾಲ್ಕು ಪಾಲು. ವ್ಯಾಪಾರ ಕುಂದಿದ ವರ್ಷ ಅರ್ಧ ಬೋನಸ್ ಕೊಟ್ಟರೆ 36,000 ನಷ್ಟ. ಆಗಸ್ಟಿನಲ್ಲಿ ಸೇರಿದವರಿಗೆ ಮಾರ್ಚಿನ ತನಕ ಎಂಟೇ ತಿಂಗಳು. ಬೋನಸ್ 80,000 ಮಾತ್ರ. ಆ ಹಣವನ್ನೂ ಜೂನ್ ಕೊನೆಗೆ, ಆ ದಿನ ಸಂಸ್ಥೆಯಲ್ಲಿ ಇರುವವರಿಗಷ್ಟೇ ಕೊಡುವುದೆಂದು ಕರಾರಿನಲ್ಲಿತ್ತು. ಯಾವುದೋ ಕಾರಣದಿಂದ ಮೇ ತಿಂಗಳ ಕೊನೆಗೆ ಬಿಟ್ಟುಹೋದಳೆನ್ನಿ: ಮೊದಲನೆಯದರಲ್ಲಿ ಹತ್ತು ತಿಂಗಳಿಗೆ 6,00,000, ಎರಡನೆಯದರಲ್ಲಿ 6,80,000. ಇಪ್ಪತ್ತನಾಲ್ಕು ಸಾವಿರದ ಆಸೆಗೆ ಎಂಬತ್ತು ಸಾವಿರವನ್ನು ಒತ್ತೆಯಿಡುವ ವ್ಯವಹಾರ ಇದು.

ಅವಳ ತಂದೆ ಹೊಗೆಸೊಪ್ಪು ಬೆಳೆಯುವವರು. ರಾಮನಾಥಪುರದ ತಂಬಾಕು ಮಂಡಲಿಯ ಹರಾಜು ಕಟ್ಟೆಯಲ್ಲಿ ಸೊಪ್ಪು ಮಾರುವವರೆಗೆ ಆ ಮನೆಯ ವರ್ಷದ ಆದಾಯ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊಬ್ಬರದ ಸಾಲ, ಹದ ಮಾಡುವ ಮನೆಗೆ ಸೌದೆಯ ಸಾಲ, ಅಂಗಡಿಯ ಸಾಲ ಎಲ್ಲವೂ "ಹರಾಜಾದ ಮೇಲೆ" ಎಂಬ ಒಂದು ಮಾತಿನ ಮೇಲೆ ನಿಂತಿರುತ್ತವೆ. ಲೆಕ್ಕ ಮುಗಿದ ಮೇಲೆ ಅವಳು ಹೇಳಿದ್ದು ನನಗೆ ಕಾಯಿದೆಯ ಪುಸ್ತಕಗಳಿಗಿಂತ ಹೆಚ್ಚು ತಿಳಿಸಿತು: "ನಮ್ಮಪ್ಪ ಹರಾಜಿನ ದಿನ ಕಾಯೋದನ್ನ ಹುಟ್ಟಿದಾಗಿನಿಂದ ನೋಡಿದ್ದೀನಿ ಸಾರ್. ನಾನಾದರೂ ತಿಂಗಳಿಗೊಂದು ಲೆಕ್ಕ ನೋಡಬೇಕು." ಅವಳು ಎರಡನೆಯದನ್ನು ಆರಿಸಿಕೊಂಡಳು.

ಹಾಗೆಂದು ಬೋನಸ್ಸನ್ನು ನೆಚ್ಚುವವರೆಲ್ಲ ಅವಿವೇಕಿಗಳೆಂದು ನಾನು ಹೇಳಲಾರೆ. ಚನ್ನರಾಯಪಟ್ಟಣದ ಕಡೆಯ, ತೆಂಗಿನ ತೋಟವಿರುವ ಮನೆಯ ಒಬ್ಬ ತರುಣ ಇದಕ್ಕೆ ವಿರುದ್ಧವಾಗಿ ವಾದಿಸಿದ. ತಿಂಗಳಿಗೆ ಎಂಟು ಸಾವಿರ ಹೆಚ್ಚು ಬಂದರೆ ಬೆಂಗಳೂರು ಅದನ್ನು ತಿಂದುಬಿಡುತ್ತದೆ; ವರ್ಷಕ್ಕೊಮ್ಮೆ ಗಂಟಾಗಿ ಬಂದರೆ ವಿದ್ಯೆಯ ಸಾಲದ ಒಂದು ಭಾಗ ಒಟ್ಟಿಗೆ ತೀರುತ್ತದೆ ಎಂಬುದು ಅವನ ಮಾತು. ಇದರಲ್ಲಿ ಸತ್ಯವಿಲ್ಲದಿಲ್ಲ. ಬಿಡಿ ಹಣ ಸೋರುತ್ತದೆ, ಗಂಟು ನಿಲ್ಲುತ್ತದೆ. ಆದರೆ ಅವನಿಗೂ ಅವಳಿಗೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಅವನ ಮನೆಯಲ್ಲಿ ಕಾಯುವ ಶಕ್ತಿ ಇದೆ. ಬೋನಸ್ ಬಾರದ ವರ್ಷ ತೋಟದ ಕಾಯಿ ಮನೆಯನ್ನು ನಡೆಸುತ್ತದೆ. ಅನಿಶ್ಚಯವನ್ನು ಹೊರುವ ಬೆನ್ನು ಯಾರಿಗಿದೆಯೋ ಅವರಿಗೆ ಬೋನಸ್ಸಿನ ತೂಕ ಹೆಚ್ಚು. ಯಾರಿಗಿಲ್ಲವೋ ಅವರಿಗೆ ಕಡಮೆ. ಒಂದೇ ಮೊತ್ತ ಎರಡು ಮನೆಗಳಲ್ಲಿ ಎರಡು ಬೆಲೆ ಬಾಳುತ್ತದೆ. ಆದ್ದರಿಂದ "ಬೋನಸ್ ಎಷ್ಟು?" ಎಂಬ ಪ್ರಶ್ನೆಯೊಡನೆ "ಬಾರದಿದ್ದರೆ ನನ್ನ ಗತಿ ಏನು?" ಎಂಬುದನ್ನೂ ಪ್ರತಿಯೊಬ್ಬರೂ ತಮಗೆ ತಾವೇ ಕೇಳಿಕೊಳ್ಳಬೇಕು.

ಹಣದ ಲೆಕ್ಕದ ಹಿಂದೆ ಹೊತ್ತಿನ ಲೆಕ್ಕವೊಂದಿದೆ. ಕೆಲವು ಸಂಸ್ಥೆಗಳಲ್ಲಿ ವರ್ಷಕ್ಕೆ ಇಂತಿಷ್ಟು ಗಂಟೆಗಳ ಕೆಲಸವನ್ನು ಕಕ್ಷಿಗಾರರ ಲೆಕ್ಕಕ್ಕೆ ಬರೆದವರಿಗೆ ಮಾತ್ರ ಬೋನಸ್. ಮೊದಲ ಸಂಸ್ಥೆ ಎರಡನೆಯದಕ್ಕಿಂತ ವರ್ಷಕ್ಕೆ 300 ಗಂಟೆ ಹೆಚ್ಚು ದುಡಿಸಿಕೊಳ್ಳುತ್ತದೆಂದು ಭಾವಿಸೋಣ. ಬೋನಸ್ ಪೂರ್ತಿ ಬಂದರೂ ಹೆಚ್ಚಾಗುವುದು 24,000. ಗಂಟೆಗೆ 80 ರೂಪಾಯಿ. ಐದು ವರ್ಷ ಕಾನೂನು ಓದಿದವರು ರಾತ್ರಿಯ ನಿದ್ದೆಗೆ ಕಟ್ಟುವ ಬೆಲೆ ಇಷ್ಟೇ ಆಗಬೇಕೆ? ಹಣವನ್ನು ಮಾತ್ರ ನೋಡಿ ಹೊತ್ತನ್ನು ನೋಡದವನು ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದಂತೆ.

ಇನ್ನೂ ಸೂಕ್ಷ್ಮವಾದ ವಿಚಾರವೊಂದುಂಟು. ಮೊಕದ್ದಮೆಯ ಫಲವನ್ನವಲಂಬಿಸಿ ಶುಲ್ಕ ಗೊತ್ತುಮಾಡಿಕೊಳ್ಳುವುದನ್ನೂ, ಗೆದ್ದ ಆಸ್ತಿಯಲ್ಲಿ ಪಾಲು ಪಡೆಯುವುದನ್ನೂ ನಮ್ಮ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹೇಮಾವತಿಯ ಅಣೆಕಟ್ಟೆಗೂ ನಾಲೆಗಳಿಗೂ ಜಮೀನು ಕಳೆದುಕೊಂಡ ನಮ್ಮ ರೈತರ ಪರಿಹಾರದ ಮೊಕದ್ದಮೆಗಳನ್ನು ಕಂಡವರಿಗೆ ಈ ನಿಯಮದ ಬೆಲೆ ತಿಳಿದಿದೆ. ಪಾಲಿನ ಆಸೆ ಹೊಕ್ಕರೆ ಸಲಹೆ ಸೊಟ್ಟಗಾಗುತ್ತದೆ. ರಾಜಿಯಾಗತಕ್ಕ ವ್ಯಾಜ್ಯ ಬೆಳೆಯುತ್ತದೆ. ಹಾಗಾದರೆ, ಎಷ್ಟು ಗಂಟೆ ಬರೆದರೆ ಅಷ್ಟು ಬೋನಸ್ ಎಂಬ ಕಟ್ಟಳೆಯಲ್ಲಿಯೂ ಅದೇ ಹುಳು ಇಲ್ಲವೆ? ಎರಡು ಗಂಟೆಯಲ್ಲಿ ಮುಗಿಯತಕ್ಕ ಕರಾರಿನ ಪರಿಶೀಲನೆಯನ್ನು ನಾಲ್ಕು ಗಂಟೆಗೆ ಎಳೆಯುವ ಪ್ರಲೋಭನೆ ಕಿರಿಯನಿಗೆ ಬಂದರೆ ತಪ್ಪು ಅವನೊಬ್ಬನದೇ ಅಲ್ಲ. ವೃತ್ತಿಯ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ರೂಢಿಯಾದ ಅಭ್ಯಾಸ ಕೊನೆಯವರೆಗೂ ಬಿಡುವುದಿಲ್ಲ. ಬೋನಸ್ ಯಾವುದಕ್ಕೆ ಕೊಡುತ್ತಾರೆ ಎಂಬ ಪ್ರಶ್ನೆ ಎಷ್ಟು ಕೊಡುತ್ತಾರೆ ಎಂಬುದಕ್ಕಿಂತ ದೊಡ್ಡದೆಂದು ನಾನು ಹೇಳುವುದು ಇದಕ್ಕಾಗಿಯೇ.

ಇಷ್ಟು ಹೇಳಿ ನಿಲ್ಲಿಸಿದರೆ ಬೆಂಗಳೂರನ್ನು ಬೈದು ನಮ್ಮೂರನ್ನು ಹೊಗಳಿದಂತಾದೀತು. ನಮ್ಮ ತಾಲ್ಲೂಕು ನ್ಯಾಯಾಲಯಗಳ ಸ್ಥಿತಿಯನ್ನೂ ನೋಡಬೇಡವೆ? ಇಲ್ಲಿ ಕಲಿಯುವುದು ಅಪಾರ. ಪಹಣಿ, ಟಿಪ್ಪಣಿ, ಆಕಾರಬಂದ್, ಪೋಡಿ ಇವುಗಳನ್ನು ಓದಿ ಒಂದು ಕುಟುಂಬದ ಮೂರು ತಲೆಮಾರಿನ ಜಗಳವನ್ನು ಬಿಡಿಸುವ ವಿದ್ಯೆ ಯಾವ ದೊಡ್ಡ ಸಂಸ್ಥೆಯ ಗಾಜಿನ ಕಟ್ಟಡದಲ್ಲಿಯೂ ಸಿಕ್ಕದು. ಸಾಕ್ಷಿಯನ್ನು ಪಾಟೀಸವಾಲು ಮಾಡುವ ಅವಕಾಶ ಹೊಳೆನರಸೀಪುರದ ಕಿರಿಯನಿಗೆ ಎರಡನೆಯ ವರ್ಷದಲ್ಲಿಯೇ ದೊರೆತೀತು. ಬೆಂಗಳೂರಿನ ಸಂಸ್ಥೆಯಲ್ಲಿ ಹತ್ತು ವರ್ಷಕ್ಕೂ ದೊರೆಯದಿದ್ದೀತು. ಆದರೆ ಹೊಟ್ಟೆಯ ಪಾಡೇನು? ಗೊತ್ತಾದ ಮೊತ್ತ ಕೊಡುವ ಹಿರಿಯರು ಇದ್ದಾರೆ, ಕೊಡದವರೂ ಇದ್ದಾರೆ. ಆಯುಧಪೂಜೆಯ ದಿನ ಕಡಲೆಪುರಿಯೊಡನೆ ಕೈಗಿಡುವ ನೋಟು, ಮೊಕದ್ದಮೆ ಮುಗಿದಾಗ ಮನಸ್ಸಿಗೆ ಬಂದಷ್ಟು ಕೊಡುವ ಹಣ, ಇದೇ ಕೆಲವರಿಗೆ ವರ್ಷದ ಬೋನಸ್ಸೂ ಸಂಬಳವೂ. ಇದು ಅಚ್ಚ ಇನಾಮು. ಆಯದ ಉಡುಪನ್ನೂ ತೊಟ್ಟಿಲ್ಲ. ಮನೆಯಲ್ಲಿ ಅನುಕೂಲವಿದ್ದವನು ಮೂರು ವರ್ಷ ಹೀಗೆ ತಡೆದು ನಿಲ್ಲುತ್ತಾನೆ. ಇಲ್ಲದವನು ಆರು ತಿಂಗಳಲ್ಲಿ ಕೋಟನ್ನು ಮಡಿಸಿಟ್ಟು ಬೇರೆ ಕೆಲಸ ಹುಡುಕುತ್ತಾನೆ. ಹೆಣ್ಣುಮಕ್ಕಳು ಇನ್ನೂ ಬೇಗ ಹಿಂದೆಗೆಯುತ್ತಾರೆ.

2024ನೆಯ ವರ್ಷ ಈ ವಿಷಯದಲ್ಲಿ ಮೂರು ಹೆಜ್ಜೆಗಳನ್ನು ಕಂಡಿತು. ಜೂನ್ ತಿಂಗಳಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಕಿರಿಯ ವಕೀಲರಿಗೆ ಚೆನ್ನೈ, ಮಧುರೆ, ಕೊಯಮತ್ತೂರುಗಳಲ್ಲಿ ತಿಂಗಳಿಗೆ 20,000 ರೂಪಾಯಿ, ಇತರ ಕಡೆಗಳಲ್ಲಿ 15,000 ರೂಪಾಯಿ ಕನಿಷ್ಠ ಶಿಷ್ಯವೇತನ ಸಲ್ಲಬೇಕೆಂದಿತು. ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು ವಕೀಲರ ನೋಂದಣಿಗೆ 1961ರ ವಕೀಲರ ಕಾಯಿದೆಯಲ್ಲಿ ಹೇಳಿದ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡಗಳವರಿಂದ 125 ರೂಪಾಯಿಗಿಂತ ಹೆಚ್ಚು ಶುಲ್ಕ ವಸೂಲು ಮಾಡಕೂಡದೆಂದು ತೀರ್ಪಿತ್ತಿತು. ಅದುವರೆಗೆ ರಾಜ್ಯಗಳ ಪರಿಷತ್ತುಗಳು ಹಲವು ಸಾವಿರ ರೂಪಾಯಿ ತೆಗೆದುಕೊಳ್ಳುತ್ತಿದ್ದವು. ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯರಿಗೆ ಮೊದಲ ಮೂರು ವರ್ಷ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡುವುದು ಯುಕ್ತವೆಂದು ಸುತ್ತೋಲೆ ಹೊರಡಿಸಿತು. ಆದರೆ ಈ ಸುತ್ತೋಲೆ ಶಿಫಾರಸು ಮಾತ್ರ, ಕಟ್ಟಾಜ್ಞೆಯಲ್ಲ. ಆಂಧ್ರಪ್ರದೇಶದ ಸರ್ಕಾರ 2019ರ ಡಿಸೆಂಬರಿನಲ್ಲಿಯೇ ಹೊಸ ವಕೀಲರಿಗೆ ಮೂರು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡುವ ಯೋಜನೆಯನ್ನು ತೊಡಗಿತ್ತು. ನಮ್ಮ ರಾಜ್ಯದಲ್ಲಿ ಸಮಾಜ ಕಲ್ಯಾಣ ಇಲಾಖೆಯು ಪರಿಶಿಷ್ಟ ವರ್ಗಗಳ ಕಾನೂನು ಪದವೀಧರರಿಗೆ ತರಬೇತಿಯ ಕಾಲದಲ್ಲಿ ಶಿಷ್ಯವೇತನ ಕೊಡುತ್ತ ಬಂದಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಅರಕಲಗೂಡಿನ ಒಬ್ಬ ಹಿರಿಯ ವಕೀಲರು ತಾವೇ ಕಷ್ಟದಿಂದ ಸಂಸಾರ ನಡೆಸುತ್ತಿರುವಾಗ ಕಿರಿಯನಿಗೆ ವರ್ಷಕ್ಕೆ 1,80,000 ರೂಪಾಯಿ ಎಲ್ಲಿಂದ ತಂದುಕೊಟ್ಟಾರು? ಶಿಫಾರಸು ಮಾಡುವುದು ಸುಲಭ. ಹಣದ ಮೂಲ ತೋರಿಸುವುದು ಕಷ್ಟ. ವಕೀಲರ ಸಂಘಗಳೂ ಸರ್ಕಾರವೂ ಸೇರಿ ಒಂದು ನಿಧಿ ಕೂಡಿಸಿ, ತಾಲ್ಲೂಕು ನ್ಯಾಯಾಲಯಗಳ ಕಿರಿಯರಿಗೆ ಅದರಿಂದ ನೇರವಾಗಿ ಸಲ್ಲುವಂತೆ ಮಾಡುವುದು ಒಂದು ದಾರಿ ಎಂದು ನನಗೆ ತೋರುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ವಕೀಲ ಸಂಸ್ಥೆಯನ್ನು ಆರಿಸಿಕೊಳ್ಳುವಾಗ ಬೋನಸ್ಸಿಗೆ ಎಷ್ಟು ತೂಕ ಕೊಡಬೇಕು? ನನ್ನ ಅಭಿಪ್ರಾಯದಲ್ಲಿ, ಮೊದಲು ಅದನ್ನು ಸೊನ್ನೆಯೆಂದು ಎಣಿಸಿ ಲೆಕ್ಕ ಹಾಕಬೇಕು. ತಿಂಗಳ ಹಣದಿಂದಲೇ ಬಾಡಿಗೆ, ಊಟ, ಸಾಲದ ಕಂತು, ಮನೆಗೆ ಕಳುಹಿಸತಕ್ಕದ್ದು ಇಷ್ಟೂ ನಡೆಯುವಂತಿದ್ದರೆ ಆ ಸಂಸ್ಥೆಯನ್ನು ವಿಚಾರಿಸಬಹುದು. ಬೋನಸ್ ಇಲ್ಲದೆ ನಡೆಯದೆಂದಾದರೆ ಮುಂದಿನ ಮಾತು ಬೇಡ. ಅನಂತರ ಬೋನಸ್ಸಿನ ಜಾತಕವನ್ನು ಕೇಳಬೇಕು. ಅದು ಕರಾರಿನಲ್ಲಿ ಬರೆದಿದೆಯೆ, ಬಾಯಿಮಾತೆ? ಗೊತ್ತಾದ ಸೂತ್ರವಿದೆಯೆ, ಪಾಲುದಾರರ ಇಷ್ಟವೆ? ಯಾವ ದಿನ ಕೈಗೆ ಬರುತ್ತದೆ? ನಡುವೆ ಬಿಟ್ಟರೆ ದುಡಿದಷ್ಟಕ್ಕೆ ಸಲ್ಲುತ್ತದೆಯೆ? ಹಿಂದಿನ ಮೂರು ವರ್ಷ ಹೇಳಿದ್ದೆಷ್ಟು, ಕೊಟ್ಟದ್ದೆಷ್ಟು? ಕೊನೆಯದನ್ನು ಸಂಸ್ಥೆಯವರನ್ನಲ್ಲ, ಅಲ್ಲಿಂದ ಬಿಟ್ಟುಬಂದವರನ್ನು ಕೇಳಬೇಕು. ಇವಕ್ಕೆಲ್ಲ ನೇರವಾದ ಉತ್ತರ ಸಿಕ್ಕರೆ ಬೋನಸ್ಸನ್ನು ತಕ್ಕಡಿಗೆ ಹಾಕಬಹುದು. ಸಿಕ್ಕದಿದ್ದರೆ ಅದನ್ನು ಇನಾಮೆಂದು ತಿಳಿದು ಬದಿಗಿಡಬೇಕು. ಬಂದ ದಿನ ಸಂತೋಷಪಡಲು ಅಡ್ಡಿಯಿಲ್ಲ.

ಹೀಗೆಲ್ಲ ಕೇಳಿದರೆ ಕೆಲಸವೇ ತಪ್ಪಿಹೋದೀತೆಂಬ ಭಯ ನಮ್ಮ ಕಡೆಯ ಮಕ್ಕಳಲ್ಲಿ ಹೆಚ್ಚು. ಇಂಗ್ಲಿಷಿನಲ್ಲಿ ತಡವರಿಸುವ ಸಂಕೋಚ, ಸಣ್ಣ ಊರಿನಿಂದ ಬಂದವರೆಂಬ ಸಂಕೋಚ, ದೊಡ್ಡವರನ್ನು ಹಣದ ವಿಚಾರ ಕೇಳಬಾರದೆಂದು ಮನೆಯಲ್ಲಿ ಕಲಿತ ಸಂಕೋಚ. ಆದರೆ ಇನ್ನೊಬ್ಬರ ಕರಾರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಹೋಗುವವರು ತಮ್ಮ ಕರಾರನ್ನು ಓದಲು ನಾಚಿದರೆ ಹೇಗೆ? ಸಂಸ್ಥೆಗಳವರಿಗೂ ಒಂದು ಮಾತು ಹೇಳಬೇಕು. ಗಿರಣಿಯ ಕೂಲಿಗೆ ಬರೆದುಕೊಡಬೇಕೆಂದು ನ್ಯಾಯಾಲಯದಲ್ಲಿ ವಾದಿಸುವವರು ತಮ್ಮ ಕೈಕೆಳಗಿನ ಕಿರಿಯನಿಗೂ ಬರೆದುಕೊಟ್ಟರೆ ವೃತ್ತಿಯ ಗೌರವಕ್ಕೆ ಕುಂದು ಬಾರದು, ಅದು ಹೆಚ್ಚೀತು. ತಾಲ್ಲೂಕಿನ ಹಿರಿಯರು ತಿಂಗಳಿಗೆ ಐದೇ ಸಾವಿರ ಕೊಡಬಲ್ಲವರಾದರೆ ಐದೇ ಸಾವಿರವನ್ನು ಗೊತ್ತಾದ ತಾರೀಖಿನಂದು ಕೊಡಲಿ. ಆಯುಧಪೂಜೆಯ ದಿನ ಬರುವ ಹತ್ತು ಸಾವಿರಕ್ಕಿಂತ ಅದು ಕಿರಿಯನನ್ನು ವೃತ್ತಿಯಲ್ಲಿ ಹೆಚ್ಚು ಕಾಲ ನಿಲ್ಲಿಸೀತು. ರೈತನ ಮಗಳೊಬ್ಬಳು ಮೂರು ವರ್ಷ ಕಾಯಲಾರದೆ ಹಿಂದಿರುಗಿದರೆ ನಷ್ಟ ಅವಳೊಬ್ಬಳದಲ್ಲ. ಪೋಡಿಯ ಕಾಗದ ಹಿಡಿದು ನ್ಯಾಯಾಲಯದ ಮೆಟ್ಟಿಲ ಬಳಿ ನಿಂತ ಇನ್ನೊಬ್ಬ ರೈತನಿಗೆ ತನ್ನ ಭಾಷೆಯಲ್ಲಿ ಮಾತಾಡುವ ವಕೀಲರೊಬ್ಬರು ಕಡಮೆಯಾದರು.